ಹದಿನೈದು ವರ್ಷದ ಗೆರೆ



ನವೆಂಬರ್ ತಿಂಗಳು ಬಂದೊಡನೆ ಗಡಿಯಾಚೆಯ ಭಾಷಣಕಾರರು ನಮ್ಮೂರುಗಳಿಗೆ ದಯಮಾಡಿಸುತ್ತಾರೆ. ಮಹಿಷಿ ವರದಿ ಜಾರಿಗೆ ಬರಲಿ ಎಂದು ಗುಡುಗುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆ ವರದಿಯಲ್ಲಿ ನಮ್ಮ ಮಕ್ಕಳಿಗೆ ಎಡೆಯಿದೆಯೇ ಎಂದು ಮಾತ್ರ ಕೇಳುವುದಿಲ್ಲ. ಇಂದು ಕೇಳೋಣ.

ಮೊದಲು ಆ ಮಹನೀಯೆಯನ್ನು ಸ್ಮರಿಸುವುದು ನಮ್ಮ ಧರ್ಮ. ಡಾ. ಸರೋಜಿನಿ ಮಹಿಷಿಯವರು 1927ರಲ್ಲಿ ಶಿರಹಟ್ಟಿಯಲ್ಲಿ ಜನಿಸಿದರು. 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾಗಿ, 1967, 1971, 1977ರಲ್ಲಿಯೂ ಅಲ್ಲಿಂದಲೇ ಗೆದ್ದರು. ಇಂದಿರಾ ಗಾಂಧಿಯವರ ಮಂತ್ರಿಮಂಡಲದಲ್ಲಿ ಪ್ರವಾಸೋದ್ಯಮ ಮತ್ತು ವಿಮಾನಯಾನ ಖಾತೆಯ, ತರುವಾಯ ಕಾನೂನು ಖಾತೆಯ ರಾಜ್ಯಮಂತ್ರಿಗಳಾದರು. ರಾಜ್ಯಮಂತ್ರಿ ಪದವಿ ಹಿರಿಯ ಮಂತ್ರಿಯ ನೆರಳಿನಲ್ಲಿರುವ ಪದವಿ. ಆ ಪದವಿಯನ್ನು ಜನ ಮರೆತರು. ಆಕೆಯ ವರದಿಯನ್ನು ಮರೆಯಲಿಲ್ಲ.

1982ರ ಗೋಕಾಕ ಚಳವಳಿಯ ಬಿಸಿ ಆರುವ ಮುನ್ನ ರಾಮಕೃಷ್ಣ ಹೆಗಡೆಯವರ ಸರಕಾರ ಆಕೆಯ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1986ರಲ್ಲಿ ಬಂದ ಅಂತಿಮ ವರದಿಯಲ್ಲಿ 58 ಶಿಫಾರಸುಗಳಿದ್ದವು. ಕರ್ನಾಟಕದೊಳಗಿನ ಕೇಂದ್ರ ಕಚೇರಿಗಳಲ್ಲಿ, ಸಾರ್ವಜನಿಕ ಕಾರಖಾನೆಗಳಲ್ಲಿ ಕೆಳದರ್ಜೆಯ ನೌಕರಿಗಳೆಲ್ಲವೂ ಕನ್ನಡಿಗರಿಗೇ ಸಲ್ಲಬೇಕೆಂಬುದು ಅವುಗಳಲ್ಲೊಂದು. 2015ರ ಜನವರಿಯಲ್ಲಿ ಆಕೆ ತೀರಿಕೊಂಡಾಗಲೂ ವರದಿ ಪೂರ್ಣವಾಗಿ ಜಾರಿಗೆ ಬಂದಿರಲಿಲ್ಲ.

ಆದರೆ ಕನ್ನಡಿಗನೆಂದರೆ ಯಾರು? ಕನಿಷ್ಠ 15 ವರ್ಷ ಕರ್ನಾಟಕದಲ್ಲಿ ವಾಸಿಸಿ, ಕನ್ನಡವನ್ನು ಓದಿ ಬರೆಯಬಲ್ಲವನು ಎಂದು ವರದಿ ಹೇಳಿತು. ಓದು ಬರಹ ನಮಗುಂಟು. ವಾಸ ಎಲ್ಲಿಂದ ತರೋಣ? 2024ರ ಜುಲೈಯಲ್ಲಿ ಕರ್ನಾಟಕದ ಸಚಿವಸಂಪುಟ ಒಪ್ಪಿ, ಕೂಡಲೇ ತಡೆಹಿಡಿದ ಉದ್ಯೋಗ ಮಸೂದೆಯಲ್ಲಿಯೂ ಅದೇ 15 ವರ್ಷದ ಗೆರೆ. ಅದರ ಮೇಲೆ, ಕರ್ನಾಟಕದಲ್ಲಿಯೇ ಹುಟ್ಟಿರಬೇಕೆಂಬ ಇನ್ನೊಂದು ಬೇಲಿ.

ಶಿರಹಟ್ಟಿಯ ಕಥೆಯನ್ನೇ ನೋಡಿರಿ. ಮಹಿಷಿಯವರು ಹುಟ್ಟಿದ ದಿನ ಶಿರಹಟ್ಟಿ ಸಾಂಗಲಿ ಸಂಸ್ಥಾನದ ತಾಲೂಕು. ದೊರೆ ಮರಾಠಿಗ, ಪ್ರಜೆ ಕನ್ನಡಿಗ. ಜತ್ತ, ಅಕ್ಕಲಕೋಟೆಗಳೂ ಅಂಥವೇ ಸಂಸ್ಥಾನಗಳು. 1948ರಲ್ಲಿ ಎಲ್ಲವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಧಾರವಾಡ ಜಿಲ್ಲೆಯೊಡನೆ ಶಿರಹಟ್ಟಿ ಈಚೆ ಬಂತು. ಜತ್ತ, ಅಕ್ಕಲಕೋಟೆ ಆಚೆ ಉಳಿದವು. ಮದರಾಸಿನ ಕೈಯಲ್ಲಿದ್ದ ಕಾಸರಗೋಡು ಕೇರಳದ ಪಾಲಾಯಿತು. ಗೆರೆ ಎಳೆದ ಕೈ ತುಸು ಸರಿದಿದ್ದರೆ, ಶಿರಹಟ್ಟಿಯ ಮಕ್ಕಳೂ ಇಂದು ನಮ್ಮಂತೆಯೇ ಬಾಗಿಲಾಚೆ ನಿಂತಿರುತ್ತಿದ್ದರು.

ಇದಕ್ಕಿಂತ ದೊಡ್ಡ ವಿಪರ್ಯಾಸವಿದೆ. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಹಳ್ಳಿಗಳೂ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಆ ವರದಿಯೇ ಅಂತಿಮವೆಂದು ಕರ್ನಾಟಕ ಸಾರುತ್ತ ಬಂದಿದೆ. ನಮ್ಮ ನೆಲ ಕನ್ನಡದ್ದೆಂದು ವಾದಿಸುವವರು ನಮ್ಮ ಮಕ್ಕಳನ್ನು ಕನ್ನಡಿಗರೆಂದು ಬರೆದುಕೊಳ್ಳರು! ನೆಲ ಬೇಕು, ಮಕ್ಕಳು ಬೇಡವೇ?

ನಿಮ್ಮನ್ನು ನಿಮ್ಮ ರಾಜ್ಯಗಳು ನೋಡಿಕೊಳ್ಳಲಿ ಎಂದು ಕೆಲವರು ಹೇಳುವರು. ಅವು ನೋಡಿಕೊಂಡ ಬಗೆ ಹೀಗಿದೆ: 2017ರಲ್ಲಿ ಕೇರಳ ಮಲಯಾಳವನ್ನು, 2020ರಲ್ಲಿ ಮಹಾರಾಷ್ಟ್ರ ಮರಾಠಿಯನ್ನು ಶಾಲೆಗಳಲ್ಲಿ ಕಾಯಿದೆಯಿಂದಲೇ ಕಡ್ಡಾಯಗೊಳಿಸಿದವು. ಅಲ್ಲಿ ನಾವು ಕನ್ನಡಿಗರು, ಇಲ್ಲಿ ಪರರಾಜ್ಯದವರು. ಶಾಲೆ ಬಿಡುವ ಹುಡುಗನಿಗೆ ವರ್ಗಾವಣೆ ಪತ್ರ ಬರೆದುಕೊಡುವ ಉಪಾಧ್ಯಾಯರು ನಾವು. ಮಾತೃಭಾಷೆ ಕನ್ನಡ, ಮಾಧ್ಯಮ ಕನ್ನಡ ಎಂದು ಬರೆದು ರುಜು ಹಾಕುವಾಗ, ಈ ಕಾಗದಕ್ಕೆ ಯಾವ ಕಚೇರಿಯಲ್ಲಿ ಬೆಲೆಯುಂಟೆಂದು ಅವನ ತಂದೆ ಕೇಳಿದರೆ ಏನು ಹೇಳೋಣ?

ದಾರಿ ಇಲ್ಲದಿಲ್ಲ. ವೃತ್ತಿಶಿಕ್ಷಣದ ಕಾಲೇಜು ಪ್ರವೇಶಕ್ಕೆ ಅಕ್ಕಲಕೋಟೆ, ಜತ್ತ, ಕಾಸರಗೋಡು ಮೊದಲಾದ ತಾಲೂಕುಗಳ ಕನ್ನಡ ಮಕ್ಕಳನ್ನು ಕರ್ನಾಟಕ ಗಡಿನಾಡ ಕನ್ನಡಿಗರೆಂದು ಪರಿಗಣಿಸುತ್ತದೆ. ಓದಿಗೆ ಕನ್ನಡಿಗನಾದವನು ದುಡಿಮೆಗೆ ಏಕೆ ಪರಕೀಯ?

ಆದುದರಿಂದ ನಮ್ಮ ಬೇಡಿಕೆ ಒಂದೇ. ಕನ್ನಡಿಗನೆಂಬ ಪದದ ಅರ್ಥ ತಿದ್ದುಪಡಿಯಾಗಲಿ. 15 ವರ್ಷದ ವಾಸಕ್ಕೆ ಬದಲಾಗಿ ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಹತ್ತು ವರ್ಷದ ಓದು ಸಲ್ಲಲಿ. ಊರೂರಿನಲ್ಲಿಯೂ ಸಭೆ ಸೇರಿ ನಿರ್ಣಯ ಬರೆಯಿರಿ. ಹಿರಿಯರ ರುಜು ಹಾಕಿಸಿ ಬೆಂಗಳೂರಿಗೆ ಕಳುಹಿಸಿರಿ. ಮುಂದಿನ ನವೆಂಬರಿನಲ್ಲಿ ಭಾಷಣಕಾರರು ಬಂದಾಗ ಹಾರಕ್ಕೆ ಮುಂಚೆ ಆ ನಿರ್ಣಯವನ್ನು ಅವರ ಕೈಯಲ್ಲಿಡಿರಿ. ಉತ್ತರ ಕೊಟ್ಟವರಿಗೆ ಚಪ್ಪಾಳೆ ಸಲ್ಲಲಿ.