ಕಸದಿಂದ ರಸ ಅಂತೀರಿ, ಕೌದಿ ಹೊಲಿಯಾಕಿಗಿ ಕೂಲಿ ಎಷ್ಟು ಕೊಡ್ತೀರಿ?

ಸಾಲಿ ಹುಡುಗರಿಗಿ ವರ್ಷಕ್ಕೊಮ್ಮಿ "ಕಸದಿಂದ ರಸ" ಅಂತ ಒಂದ್ ಕೆಲಸ ಹಚ್ತಾರ. ಮನ್ಯಾಗ ಉಳ್ದಿದ್ದು, ಹಳೀದಾಗಿದ್ದು ಏನ್ ಅದ, ಅದರಾಗೇ ಏನರೆ ಛಂದಂದು ಮಾಡ್ಕೊಂಡ್ ಬರ್ರಿ ಅಂತ. ಮಾತ್ ಛಲೋನೇ ಅದ. ಆದ್ರ ಹಿಂದಿನ ದಿನ ಸಂಜಿಕ ಹುಮನಾಬಾದ್ ಪ್ಯಾಟ್ಯಾಗ ಸ್ಟೇಷನರಿ ಅಂಗಡಿ ಮುಂದ ನಿಂತ್ ನೋಡ್ರಿ. ಥರ್ಮಾಕೋಲ್ ಕೊಡ್ರಿ, ಚಮಕಿ ಕೊಡ್ರಿ, ಬಣ್ಣದ ಹಾಳಿ ಕೊಡ್ರಿ, ಗಮ್ ಕೊಡ್ರಿ ಅಂತ ಅವ್ವಂದಿರದು ಒಂದೇ ಗದ್ದಲ. ಒಂದ್ ಖಾಲಿ ಬಾಟ್ಲಿ ಛಂದ ಕಾಣಸ್ಲಿಕ್ಕ ಒಂದ್ ಚೀಲ ಹೊಸಾ ಸಾಮಾನು. ಎರಡ್ ದಿನ ಸಾಲ್ಯಾಗ ಇಟ್ಟು, ಫೋಟೋ ತಗದು, ವಾಪಸ್ ಮನಿಗಿ ಬರ್ತದ. ಕಪಾಟಿನ ಮ್ಯಾಲ ಕುಂತು ಧೂಳು ತಿಂತದ. ದೀಪಾವಳಿಗಿ ಮನಿ ಸ್ವಚ್ಛ ಮಾಡೂ ಮುಂದ ಕಸದ ಗಾಡಿಗಿ ಹೋಗ್ತದ. ಬಾಟ್ಲಿ ಬರೇ ಬಾಟ್ಲಿ ಇದ್ದಾಗ ಗುಜರಿಯಾಂವ ಆದ್ರೂ ಒಯ್ತಿದ್ದ. ಈಗ ಅದಕ್ಕ ಗಮ್ಮು, ಚಮಕಿ ಎಲ್ಲಾ ಹತ್ಯಾವ, ಆಂವನೂ ಮುಟ್ಟಂಗಿಲ್ಲ. ಅಲಂಕಾರಕ್ಕ ಬಳಸೂ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದ ತುಂಬಾನೇ ಬಂದ್ ಅದ, ಅದು ಬ್ಯಾರೆ ಮಾತು.

ನಾ ಸಾಲಿಯವರಿಗಿ ಬೈಲಿಕ್ಕ ಕುಂತಿಲ್ಲ. ಹುಡುಗರ ಕೈಗಿ ಮೊಬೈಲ್ ಬದಲಿ ಕತ್ರಿ ಬರ್ತದ, ಅಷ್ಟರ ಮಟ್ಟಿಗಿ ಖುಷಿನೇ. ನನ್ನ ತಕರಾರು ಬ್ಯಾರೆ ಅದ. ಹಳೀ ಸಾಮಾನಿಂದ ಹೊಸಾದು ಮಾಡೂ ಖರೇ ವಿದ್ಯಾ ನಮ್ಮ ಮನ್ಯಾಗೇ ಮಂಚದ ಮ್ಯಾಲ ಹಾಸ್ಕೊಂಡ್ ಬಿದ್ದದ. ಅದಕ್ಕ ಯಾರೂ ಬಹುಮಾನ ಕೊಡಂಗಿಲ್ಲ. ಬಹುಮಾನ ಹೋಗ್ಲಿ, ಕೂಲಿನೂ ಬರೋಬರಿ ಕೊಡಂಗಿಲ್ಲ. ಕೌದಿ ಮಾತ್ ಹೇಳ್ಲತೀನಿ.

ನನ್ನ ತವರುಮನಿ ಬಸವಕಲ್ಯಾಣ. ಅಲ್ಲಿ ನಮ್ಮ ಆಯಿ ಕಾಲಕ್ಕ ಯಾವ ಸೀರಿನೂ ಸೀರಿ ಆಗೇ ಸತ್ತಿದ್ದಿಲ್ಲ. ಮೊದಲ ಹಬ್ಬಕ್ಕ, ಆಮ್ಯಾಲ ದಿನಾ ಉಡ್ಲಿಕ್ಕ, ಸೆರಗು ಪಿಸದ ಮ್ಯಾಲ ಕೂಸಿನ ಜೋಳಗಿಗಿ. ಮೆತ್ತಗ ಇದ್ದ ಭಾಗ ಹರದು ಹಾಲು ಸೋಸೂ ಅರಿವಿ. ಖಣದ ಕುಬಸದ ತುಕಡಿಯೆಲ್ಲಾ ಕೂಡಿಸಿ ಕೂಸಿಗಿ ಕುಂಚಗಿ. ಚಿಂದಿ ಸುತ್ತಿ ಕೊಡದ ಸಿಂಬಿ. ಏನಕ್ಕೂ ಬರದಿದ್ದು ಬಿಸಿ ಗಡಗಿ ಹಿಡಿಯೂ ಮಸಿ ಅರಿವಿ. ಇವೆಲ್ಲಾ ಮಾಡಿ ಉಳಿದದ್ದು ಒಂದ್ ಗಂಟು ಕಟ್ಟಿ ಇಡೋದು. ಗಂಟು ದೊಡ್ಡದಾತು ಅಂದ್ರ ಆ ವರ್ಷ ಥಂಡಿ ಬರೂದ್ರೊಳಗ ಒಂದ್ ಕೌದಿ.

ಕೌದಿ ಅಂದ್ರ ಹೊರಗಿನವರು ಮ್ಯಾಲಿನ ತುಕಡಿ ಬಣ್ಣ ನೋಡ್ತಾರ. ಕೆಲಸ ಇರೂದು ಒಳಗ. ಕೆಳಗ ಒಂದ್ ಗಟ್ಟಿ ಸೀರಿ ಬಿಗಿ ಹಾಸಿ, ನಾಕೂ ಮೂಲಿಗಿ ಭಾರ ಇಡ್ಬೇಕು. ಅದರ ಮ್ಯಾಲ ಮುತ್ಯಾನ ಧೋತ್ರ, ಹುಡುಗರ ಅಂಗಿ, ಹರಿದ ಚಾದರ, ಏನಿದ್ರ ಅದು. ಆದ್ರ ಅಂಗಿ ಅಂಗಿಯಾಗೇ ಹೋಗಂಗಿಲ್ಲ. ಹೊಲಿಗಿ ಬಿಚ್ಚಬೇಕು, ಗುಂಡಿ ಕೀಳ್ಬೇಕು, ಕಾಲರ್ ಕಿಸೆ ತಗೀಬೇಕು. ಒಂದ್ ಕಿಸೆ ಒಳಗ ಉಳೀತು ಅಂದ್ರ ಮಲಗಿದವರ ಬೆನ್ನಿಗಿ ಜೀವ ಇರೂತನ ಒತ್ತತದ. ಎಲ್ಲಿ ತೆಳು ಅದ ಅಲ್ಲಿ ತುಕಡಿ ಇಡೂದು, ಎಲ್ಲಿ ದಪ್ಪ ಆಗ್ಯದ ಅಲ್ಲಿಂದ ತಗಿಯೂದು. ಇದು ಕಣ್ಣಿಗಿ ಕಾಣಂಗಿಲ್ಲ, ಅಂಗೈ ಆಡಿಸಿ ನೋಡಿದ್ರೇ ತಿಳಿತದ. ಎಲ್ಲಾ ಬರೋಬರಿ ಆದ ಮ್ಯಾಲ ಅಂಚಿನಿಂದ ಸುರು ಮಾಡಿ, ಸುತ್ತ ಟಾಕಿ ಹಾಕ್ಕೋತ ಹಾಕ್ಕೋತ ನಡುಕ ಬರೂದು. ನಮ್ಮ ಆಯಿ ನಡು ಒಂದ್ ಅಂಗೈಯಷ್ಟು ಜಾಗ ಬಿಟ್ಟು, ಅದರಾಗ ಒಂದ್ ಚೂರು ರೊಟ್ಟಿ ಇಟ್ಟು, ಆಮ್ಯಾಲ ಮುಚ್ಚತಿದ್ಳು. ಕೌದಿ ಹೊಟ್ಟಿ ಖಾಲಿ ಇದ್ರ ಅದರಾಗ ಮಲಗಾವರ ಹೊಟ್ಟಿನೂ ಖಾಲಿ ಇರ್ತದ ಅಂತ. "ಇರುವಿ ಬರ್ತಾವ ಆಯಿ" ಅಂದ್ರ "ಅವೂ ಉಣ್ಲಿ ಬಿಡು" ಅಂತಿದ್ಳು.

ಈಗ ಹುಮನಾಬಾದಿಗಿ ಬರ್ರಿ, ನಾ ಇರೂ ಓಣಿಗಿ. ಹಿಂಗ ಕುಂತ್ ಹೊಲಿಯೂ ಪುರುಸೊತ್ತು ಮನ್ಯಾಗ ಯಾರಿಗಿ ಅದ? ಹಂಗಾಗಿ ಗಂಟು ಒಯ್ದು ಹೊಲಿಯಾಕಿಗಿ ಕೊಡ್ತೀವಿ. ಆಕಿ ಸಾಮಾನ್ಯ ವಯಸ್ಸಾದ ಹೆಣ್ಮಗಳು ಇರ್ತಾಳ. ಮಣಕಾಲು ನೋವು ಅಂತ ಹೊಲದ ಕೂಲಿಗಿ ಹೋಗೂದು ಬಿಟ್ಟಾಕಿ. ಓಣ್ಯಾಗ ಎಲ್ಲಾರಿಗೂ ಆಯಿ. ಆಯಿ ಅಂತ ಬಾಯಿ ತುಂಬ ಕರಿತೀವಿ, ರೊಕ್ಕದ ಮಾತ್ ಬಂತು ಅಂದ್ರ ದನದ ಸಂತ್ಯಾಗ ನಿಂತವರಂಗ ಆಗ್ತೀವಿ. "ಅರಿವಿ ನಂದೇ ಅದ, ಅದೂ ಹಳೀದು. ದಾರ ನಾನೇ ತಂದ್ ಕೊಡ್ತೀನಿ. ಮನ್ಯಾಗ ಕುಂತ್ ಮಾಡೂ ಕೆಲಸ. 500 ತಗೋ ಆಯಿ." ಈ ಮಾತು ನಾ ಒಂದ್ ಸಲ ಅಲ್ಲ, ಹತ್ ಸಲ ಕೇಳೀನಿ. ಆಯಿ ಏನ್ ಮಾಡ್ತಾಳ, "ಆತ್ ತಗೋರಿ ಬಾಯಾರ" ಅಂತಾಳ.

ಹಂಗಾದ್ರ ಲೆಕ್ಕ ಹಾಕೂಣು. 7 ಫೂಟ್ ಉದ್ದ, 5 ಫೂಟ್ ಅಗಲದ್ದು ಒಂದ್ ಕೌದಿ. ಅರ್ಧ ಇಂಚಿಗಿ ಒಂದ್ ಸಾಲು ಹಿಡಿದ್ರ 120 ಸಾಲು, ಒಂದೊಂದು 84 ಇಂಚು. ಒಟ್ಟು 10,080 ಇಂಚು. ಸುತ್ತ ಹೊಲಿದ್ರೂ ಲೆಕ್ಕ ಹೆಚ್ಚುಕಡಿಮಿ ಇಷ್ಟೇ ಬರ್ತದ. ಇಂಚಿಗಿ 3 ಟಾಕಿ ಅಂದ್ರ 30,240 ಟಾಕಿ. ನಾಕೈದು ಪದರಿನಾಗ ಸೂಜಿ ಹಾಯಿಸಿ ಎಳೀಬೇಕು, ನಿಮಿಷಕ್ಕ 10 ಟಾಕಿ ಬಿದ್ರ ಭಾಳ ಚುರುಕು ಕೈ ಅನ್ರಿ. 50 ತಾಸಿನ ಮ್ಯಾಲ ಆತು. ದಿನಕ್ಕ 8 ತಾಸು ಬೆನ್ನು ಎತ್ತದೆ ಕುಂತ್ರ ಆರು ದಿನ, ಇನ್ನಾ ಮ್ಯಾಲ ಎರಡ್ಮೂರು ತಾಸು. ಹೊಲಿಗಿ ಬಿಚ್ಚೂದು, ಹಾಸೂದು, ತುಕಡಿ ಕೂಡಿಸೂದು ಇದರಾಗ ಹಿಡಿದೇ ಇಲ್ಲ. ನಮ್ಮ ರಾಜ್ಯದಾಗ ಉದ್ಯೋಗ ಖಾತ್ರಿ ಕೂಲಿ 2025-26ಕ್ಕ ದಿನಕ್ಕ 370 ರೂಪಾಯಿ. ಆರು ದಿನಕ್ಕ 2,220. ನಾವು ಕೊಡೂದು 500, ಅಂದ್ರ ದಿನಕ್ಕ 83 ರೂಪಾಯಿ. ಮಣ್ಣು ಹೊರೂ ಕೆಲಸಕ್ಕ ಸರಕಾರ ಕೊಡೂದ್ರಾಗ ಕಾಲು ಭಾಗನೂ ಆಗ್ಲಿಲ್ಲ ನೋಡ್ರಿ.

ಅರಿವಿ ಹಳೀದು ಅಂತ ಕೈನೂ ಹಳೀ ರೇಟಿಗಿ ಬರ್ಬೇಕೇನು? ಖರೇ ಹೇಳ್ಬೇಕಂದ್ರ ಹಳೀ ಅರಿವಿಗಿ ಹೊಸಾ ಅರಿವಿಗಿಂತ ಜಾಸ್ತಿ ಕೆಲಸ. ಥಾನಿನ ಬಟ್ಟಿ ಒಂದೇ ಸಮ ಇರ್ತದ, ಕತ್ತರಿಸಿ ಹೊಲಿದ್ರ ಆತು. ಹಳೀದು ಒಂದ್ ಕಡಿ ಗಟ್ಟಿ, ಒಂದ್ ಕಡಿ ಪಿಸದದ್ದು. ಅದರ ಹಣೇಬರಹ ಓದಿ ಹೊಲೀಬೇಕು.

ನಮ್ ನೆಗೆಣ್ಣಿ ಅಂತಾಳ, "500 ರೂಪಾಯ್ಗಿ ಪ್ಯಾಟ್ಯಾಗ ಮೆತ್ತನ ಬ್ಲಾಂಕೆಟೇ ಬರ್ತದಲ್ಲ ವೈನಿ, ಮತ್ಯಾಕ ಎರಡ್ ಸಾವಿರ?" ಬರ್ತದ, ಇಲ್ಲ ಅನ್ನಂಗಿಲ್ಲ. ಆ ಬ್ಲಾಂಕೆಟಿನ ಹಿಂದ ಮಷೀನ್ ಅದ. ಹರ್ಯಾಣದ ಪಾಣಿಪತ್‌ದಾಗ ದುನಿಯಾದ ಹಳೀ ಸ್ವೆಟರ್, ಕೋಟು ತಂದು, ಬಣ್ಣವಾರು ಬ್ಯಾರೆ ಮಾಡಿ, ಮಷೀನಿಗಿ ಹಾಕಿ ಚಿಂದಿ ಮಾಡಿ, ಮತ್ತ ನೂಲು ತಗದು ಕಂಬಳಿ ನೇಯ್ತಾರ. ಅದೂ ಹಳೀದರಿಂದ ಹೊಸಾದೇ, ಅದಕ್ಕೂ ನನ್ನ ನಮಸ್ಕಾರ ಅದ. ಆದ್ರ ಬ್ಲಾಂಕೆಟ್ ಒಂದ್ ಕಡಿ ಹರೀತು ಅಂದ್ರ ಹೋತು. ಕೌದಿ ಹರಿದ್ರ ತುಕಡಿ ಬೀಳ್ತದ. ಪೂರಾ ಸವೀತು ಅಂದ್ರ ಹೊಸಾ ಕೌದಿಗಿ ಒಳಗಿನ ಪದರು ಆಗ್ತದ. ನಮ್ ತವರುಮನ್ಯಾಗಿನ ಒಂದ್ ಕೌದಿ ಬಿಚ್ಚಿದ್ರ ಒಳಗ ಇನ್ನೊಂದು ಕೌದಿ ಅದ.

ಕಲ್ಯಾಣದ ಮಂದಿ ನಾವು. ಕಾಯಕ ಅನ್ನೂ ಮಾತು ಬಾಯಿ ಬಿಟ್ರ ಬರ್ತದ. ಹನ್ನೆರಡನೇ ಶತಮಾನದ ಶರಣರು ಮಾಡೂ ಕೆಲಸ ಹೆಸರಿನ ಜೋಡಿನೇ ಇಟ್ಕೊಂಡಿದ್ರು. ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ನುಲಿಯ ಚಂದಯ್ಯ. ಒಬ್ಬರದು ಸೂಜಿ, ಒಬ್ಬಾಕಿದು ನೂಲು, ಒಬ್ಬರದು ಹುಲ್ಲಿನ ಹಗ್ಗ. ಮತ್ತ ಆಯ್ದಕ್ಕಿ ಲಕ್ಕಮ್ಮನ ಕಥಿ ನಮ್ ಕಡಿ ಗೊತ್ತಿಲ್ಲದಾರು ಯಾರು? ಗಂಡ ಮಾರಯ್ಯ ನೆಲಕ್ಕ ಬಿದ್ದ ಅಕ್ಕಿ ಆರಿಸ್ಕೊಂಡ್ ಬರಾಂವ. ಒಂದಿನ ದಿನಾ ತರೂದ್ರಕಿಂತ ಜಾಸ್ತಿ ತಂದ. ಲಕ್ಕಮ್ಮ ಒಳಗ ಇಟ್ಕೊಳ್ಳಿಲ್ಲ, ವಾಪಸ್ ಸುರುವಿ ಬಾ ಅಂತ ಕಳಿಸಿದ್ಳು. ಉಳಿತಾಯದ ಮಾತ್ ಬಂದಾಗೆಲ್ಲ ಭಾಷಣದಾಗ ಈ ಕಥಿ ಹೇಳ್ತಾರ, ಒಂದ್ ಅಗಳೂ ಹಾಳ್ ಮಾಡ್ಬ್ಯಾಡ್ರಿ ಅಂತ. ನನಗ ಹಂಗ ಅನಸಂಗಿಲ್ಲ. ಆಕಿ ಸಿಟ್ಟು ಹಾಳ್ ಮಾಡೂದರ ಮ್ಯಾಲ ಇದ್ದಿಲ್ಲ, ನಮ್ದಲ್ಲದ್ದು ಮನಿಗಿ ತರೂದರ ಮ್ಯಾಲ ಇತ್ತು. 83 ರೂಪಾಯಿ ಕೊಟ್ಟು 370ರ ಕೆಲಸ ಮನಿಗಿ ತಂದ್ರ, ಜಾಸ್ತಿ ಅಕ್ಕಿ ತಂದಾಂವ ಮಾರಯ್ಯ ಅಲ್ಲ, ನಾವು.

ಬ್ಯಾರೆ ಕಡಿ ಏನ್ ಆಗ್ಯದ ನೋಡ್ರಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡಿ ಸಿದ್ದಿ ಹೆಣ್ಮಕ್ಕಳು ಹಿಂಗೇ ಹಳೀ ಅರಿವಿದು ಕವಂದಿ ಹೊಲಿತಾರ. ಮೂಲಿಗಿ ಬಣ್ಣದ ತುಕಡಿ ಮಡಚಿ ಒಂದೊಂದು ಹೂವು ಇಡ್ತಾರ, ಅದಿಲ್ಲಂದ್ರ ಕವಂದಿ ಪೂರಾ ಆಗಂಗಿಲ್ಲ. ಅಮೆರಿಕಾದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ಜೋಡಿ ಕೂಡಿ 2004ರಾಗ ಅವರು ತಮ್ದೇ ಒಂದ್ ಸಹಕಾರಿ ಸಂಘ ಮಾಡ್ಕೊಂಡ್ರು. ಅಮೆರಿಕಾದ ಅಲಬಾಮಾದಾಗ ಗೀಸ್ ಬೆಂಡ್ ಅಂತ ಒಂದ್ ಹಳ್ಳಿ ಅದ. ಅಲ್ಲಿ ಕಪ್ಪು ಜನಾಂಗದ ಹೆಣ್ಮಕ್ಕಳು ಹೊಲದಾಗ ದುಡದು ಸವೆದ ಪ್ಯಾಂಟು ಅಂಗಿ ಕೂಡಿಸಿ ಕೌದಿ ಹೊಲಿತಿದ್ರು. 2002ರಾಗ ಆ ಕೌದಿ ಹ್ಯೂಸ್ಟನ್ನಿನ ಮ್ಯೂಸಿಯಂ ಗ್ವಾಡಿಗಿ ಏರಿದ್ವು, 2006ರಾಗ ಅಲ್ಲಿನ ಸರಕಾರ ಅವುಗಳ ಚಿತ್ರದ ಅಂಚೆ ಚೀಟಿನೂ ತಗೀತು. ನಮ್ಮ ಆಯಿ ಹೊಲಿದದ್ದು ಮ್ಯೂಸಿಯಂಕ ಹೋಗ್ಬೇಕು ಅಂತ ನಾ ಅಂಬಲ್ಲ. ಮ್ಯೂಸಿಯಂದಾಗ ಇಟ್ರ ಹಾಸ್ಕೊಳ್ಳೋರು ಯಾರು? ಹೊಲಿದಾಕಿ ಹೆಸರಿಗಿ, ಕೈಗಿ ಒಂದ್ ಕಿಮ್ಮತ್ತು ಅದ ಅಂತ ಅಲ್ಲಿ ಒಪ್ಪಿದ್ರು, ಅಷ್ಟೇ ನನ್ನ ಮಾತು.

ಒಂದ್ ತೊಂದ್ರಿ ಮಾತ್ರ ಖರೇನೇ ಅದ. ನಮ್ಮ ಗಂಟಿನಾಗ ಈಗ ನೂಲಿನ ಅರಿವಿ ಎಲ್ಲಿ ಅದ? ಎಲ್ಲಾ ಪಾಲಿಸ್ಟರ್. ಅದು ಕೈಯಾಗ ಜಾರ್ತದ, ಬೆವರು ಹೀರಂಗಿಲ್ಲ, ಬೆಂಕಿ ತಾಗಿದ್ರ ಕರಗಿ ಮೈಗಿ ಅಂಟ್ತದ. ಕೂಸಿನ ಕೌದ್ಯಾಗ ಅದು ಬ್ಯಾಡೇ ಬ್ಯಾಡ. ಹೊಲಿಯಾಕಿಗಿ ಕೊಡೂ ಮೊದಲು ಗಂಟು ಬಿಚ್ಚಿ ನಾವೇ ಆರಿಸಿದ್ರ ಆಕಿ ಅರ್ಧ ದಿನ ಉಳಿತದ. ನೂಲಿಂದು ಒಂದ್ ಕಡಿ, ಜಾರೂದು ಒಂದ್ ಕಡಿ. ಜಾರೂ ಸೀರಿ ಎರಡ್ ಬೊಟ್ಟು ಅಗಲ ಉದ್ದುದ್ದ ಹರದು, ಮೂರ್ ಎಳಿ ಹೆರಳು ಹಾಕಿ, ಸುರುಳಿ ಸುತ್ತಿ, ಅಂಚಿಗಿ ಅಂಚು ಕೂಡಿಸಿ ದಬ್ಬಣದಲೆ ಹೊಲಿದ್ರ ಬಾಗಿಲಿಗಿ ಕಾಲು ಒರೆಸೂದು ಆಗ್ತದ. ಎಂಟನೇ ಇಯತ್ತೆ ಹುಡುಗರಿಗೂ ಬರ್ತದ ಇದು, ಚಮಕಿ ಬೇಕಾಗಂಗಿಲ್ಲ. ಮಾಸ್ತರು, ಬಾಯೋರು ಕೇಳ್ಲತ್ತಿದ್ರ ಒಂದ್ ವಿನಂತಿ. ಮುಂದಿನ ಸಲ ಕಸದಿಂದ ರಸ ಅಂದಾಗ ಓಣ್ಯಾಗಿನ ಒಬ್ಬಾಕಿ ಆಯಿಗಿ ಸಾಲಿಗಿ ಕರೀರಿ. ಒಂದ್ ಹುಡುಗ ಒಂದ್ ತುಕಡಿ ತರ್ಲಿ, ಆಕಿ ಹೊಲದ್ ತೋರಿಸ್ಲಿ. ಥರ್ಮಾಕೋಲಿನ ರೊಕ್ಕ ಆಕಿ ಕೈಗಿ ಕೊಡ್ರಿ.

ನಮ್ಮ ಓಣ್ಯಾಗ ಈ ವರ್ಷ ನಾಕ್ ಮನಿಯವರು ಕೂಡಿ ಮಾತಾಡೀವಿ. ಆಯಿಗೇ ಕೇಳಿದ್ವಿ, ನೀನೇ ಹೇಳು ಎಷ್ಟು ಅಂತ. ಆಕಿ ಭಾಳ ಹೊತ್ತು ಸುಮ್ನ ಕುಂತ್ಳು, ಇಷ್ಟ್ ದಿನ ಯಾರೂ ಕೇಳಿದ್ದೇ ಇಲ್ಲ. ಆಮ್ಯಾಲ ಅಂದ್ಳು, ದೊಡ್ಡ ಕೌದಿಗಿ 2,000, ದಾರ ನಿಮ್ದು, ಮಧ್ಯಾಹ್ನದ ಚಹಾ ನಿಮ್ದು, ಗುಂಡಿ ನೀವೇ ಕಿತ್ತು ಕೊಡ್ಬೇಕು. ಮೊದಲನೇದು ವೀರಭದ್ರ ದೇವರ ಜಾತ್ರಿ ಒಳಗ ಆಗ್ಬೇಕು ಅಂತ ಮಾತಾಗ್ಯದ. ಮೂರ್ ಮನಿಯವರು ಒಪ್ಪ್ಯಾರ. ನಾಕನೇ ಮನಿಯಾಕಿ ಇನ್ನಾ 1,500ಕ್ಕೇ ಹಿಡದ್ ಕುಂತಾಳ, ಆಕಿ ಜೋಡಿ ನಾಳಿ ಸಂಜಿಕ ಮತ್ತ ಮಾತಾಡೂದದ.