ಹೈಫಾ: ಶೌರ್ಯ ನಮ್ಮದು, ಗೆಲುವು ಯಾರದು?

1918ರ ಸೆಪ್ಟೆಂಬರ್ 23ರಂದು ಮೊದಲ ಮಹಾಯುದ್ಧದ ವೇಳೆ ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಭಾರತೀಯ ಸವಾರರ ಅಶ್ವದಾಳಿಯನ್ನು ಈಚಿನ ವರ್ಷಗಳಲ್ಲಿ ರಾಷ್ಟ್ರದ ಹೆಮ್ಮೆಯೆಂದು ಕೊಂಡಾಡುತ್ತಿದ್ದೇವೆ. 2018ರಲ್ಲಿ ದಿಲ್ಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರೂ ಸೇರಿತು. ಅಲ್ಲಿನ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಸವಾರರದು. ಹೆಮ್ಮೆಪಡುವ ಮುನ್ನ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಆ ದಿನ ಗೆದ್ದವರು ಯಾರು?

ಪರಾಕ್ರಮದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು. ನಡುವಿನ ಇಕ್ಕಟ್ಟಿನ ದಾರಿಗೆ ಗುರಿಯಿಟ್ಟು ಕೂತ ಮಷಿನ್ ಗನ್ನುಗಳು. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳತ್ತ ಸಾಗಿತು. ಜೋಧಪುರದವರು ಈಟಿ ಹಿಡಿದು ಕೆಳಗಿನಿಂದ ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಯ ಹೊತ್ತಿಗೆ ಪಟ್ಟಣ ಕೈವಶವಾಗಿತ್ತು, 1,350 ಮಂದಿ ಸೆರೆಸಿಕ್ಕಿದ್ದರು. ಸತ್ತ ಕುದುರೆಗಳೇ 60.

ಆದರೆ ಹಾರಿದ ಬಾವುಟ ಬ್ರಿಟಿಷರದು. ಆಗ ಹೈಫಾ ಆಟೊಮನ್ ಪಟ್ಟಣ; ಇಸ್ರೇಲ್ ಹುಟ್ಟಿದ್ದು 1948ರಲ್ಲಿ. ಹಾಗಾಗಿ ಈ ದಾಳಿಯನ್ನು ಭಾರತ ಮತ್ತು ಇಸ್ರೇಲಿನ ಹಳೆಯ ಗೆಳೆತನದ ಮೊದಲ ಅಧ್ಯಾಯವೆನ್ನುವುದು ಚರಿತ್ರೆಗೆ ಮಾಡುವ ಅನ್ಯಾಯ. ಇನ್ನು ಭಾರತದ ಪಾಲಿಗೆ ಆ ಗೆಲುವು ತಂದದ್ದೇನು? ಏಳು ತಿಂಗಳು ತುಂಬುವ ಮೊದಲೇ ಅದೇ ಸಾಮ್ರಾಜ್ಯ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿತು.

ಹಾಗೆಂದು ಆ ಸವಾರರನ್ನು ಪರರ ಬಾಡಿಗೆ ಬಂಟರೆಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಅವರು ಉಂಡ ಉಪ್ಪಿನ ಋಣ ತಂತಮ್ಮ ಸಂಸ್ಥಾನದ್ದು. ಸ್ವರಾಜ್ಯದ ಆಸೆ ಹೊತ್ತ ಗಾಂಧೀಜಿಯೇ 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಸೇರಿರೆಂದು ಜನರನ್ನು ಕರೆದಿದ್ದರು. ಇಂದಿನ ತಿಳಿವಳಿಕೆಯಿಂದ ಅಂದಿನ ಸವಾರನಿಗೆ ತೀರ್ಪು ಕೊಡುವುದು ಸುಲಭ, ನ್ಯಾಯವಲ್ಲ. ಆಜ್ಞೆ ಕೊಟ್ಟವನ ಉದ್ದೇಶ ಬೇರೆ, ಆಜ್ಞೆ ಪಾಲಿಸಿದವನ ಧೈರ್ಯ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು.

ನಮ್ಮ ಗುರುತನ್ನು ಆ ಕಾಲದಲ್ಲೇ ಹುಡುಕುವುದಾದರೆ ಹೈಫಾದಷ್ಟು ದೂರ ಹೋಗಬೇಕಿಲ್ಲ. ಸೈನ್ಯದ ಖರ್ಚು ಹೊತ್ತು, ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟ ಮೈಸೂರೇ ಅದೇ ವರ್ಷಗಳಲ್ಲಿ ಬೇರೆಯದನ್ನೂ ಕಟ್ಟುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. ನಮ್ಮನ್ನು ನಾವಾಗಿಸಿದ್ದು ಈ ಕಟ್ಟುವ ಕೆಲಸವೇ ಹೊರತು ಸಾಮ್ರಾಜ್ಯಕ್ಕಾಗಿ ಗೆದ್ದುಕೊಟ್ಟ ಊರಲ್ಲ.

ಸವಾರರಿಗೆ ಸಲ್ಲಬೇಕಾದ ಗೌರವ ಇದರಿಂದ ಕುಂದುವುದಿಲ್ಲ. ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಬಳಿ ಇದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಈ ಯೋಧರು ಹೇಗೆ ಹೋರಾಡಿದರೆಂದು ಹೇಳಿ. ಯಾರ ಬಾವುಟದಡಿ ಹೋರಾಡಿದರೆಂಬುದನ್ನೂ ಮುಚ್ಚಿಡದೆ ಹೇಳಿ.