ನಗೋದಕ್ಕೂ ಪುರುಸೊತ್ತು ಬೇಕು

ಅಮ್ಮಂದಿರ ದಿನ ಬಂದ್ರೆ ವಾಟ್ಸಾಪ್ ತುಂಬಾ 'ತಾಯಿಯೇ ದೇವರು' ಅನ್ನೋ ಸ್ಟೇಟಸ್‌ಗಳು. ಅಮೆರಿಕದ ಟಿಲ್ಲಿ ಓಲ್ಸೆನ್ ಬರೆದ 'ಐ ಸ್ಟ್ಯಾಂಡ್ ಹಿಯರ್ ಐರನಿಂಗ್' ಕಥೆ ಓದಿದ ಮೇಲೆ ನನಗಂತೂ ಹಾಗೆ ಹಾಕೋಕೆ ಮನಸ್ಸಿಲ್ಲ. 1961ರ 'ಟೆಲ್ ಮಿ ಎ ರಿಡಲ್' ಸಂಕಲನದಲ್ಲಿದೆ, ಚಿಕ್ಕದು, ಬಸ್ಸಲ್ಲೇ ಓದಿ ಮುಗಿಸಬಹುದು.

ನಿಮ್ಮ ಮಗಳು ಎಮಿಲಿಗೆ ಸಹಾಯ ಬೇಕು, ಬಂದು ಮಾತಾಡಿ ಅಂತ ಯಾರೋ ತಾಯಿಯನ್ನ ಕರೆದಿದ್ದಾರೆ. ಆಕೆ ಬಟ್ಟೆ ಇಸ್ತ್ರಿ ಮಾಡ್ತಾ ಮನಸ್ಸಲ್ಲೇ ಉತ್ತರ ಕೊಡ್ತಾಳೆ. ಅಮೆರಿಕದ ಆರ್ಥಿಕ ಕುಸಿತದ ಕಾಲದಲ್ಲಿ ಗಂಡ ಬಿಟ್ಟುಹೋದ, ಕೈಗೂಸಿನ ಜೊತೆ ಒಬ್ಬಳೇ ಉಳಿದ ಆಕೆಗೆ ಆಗ ಬರೀ 19, ಅಂದ್ರೆ ನನ್ನ ವಯಸ್ಸು. ಮಗುವನ್ನ ಬೇರೆಯವರ ಹತ್ರ ಬಿಟ್ಟು ಕೆಲಸಕ್ಕೆ ಹೋಗ್ತಾಳೆ. ಮುಂದೆ ಎಮಿಲಿಯನ್ನ ಒಂದು ಆರೈಕೆ ಕೇಂದ್ರಕ್ಕೆ ಕಳಿಸ್ತಾರೆ. ಅಲ್ಲಿ ಅಪ್ಪ ಅಮ್ಮ ಬರೋದು ಎರಡು ವಾರಕ್ಕೊಮ್ಮೆ, ಅದೂ ಕೆಳಗೆ ನಿಂತು ಬಾಲ್ಕನಿಯಲ್ಲಿರೋ ಮಗುವಿನ ಜೊತೆ ಕೂಗಿ ಮಾತಾಡ್ಬೇಕು!

ನನಗೆ ಇದಕ್ಕಿಂತ ಚುಚ್ಚಿದ್ದು ಇನ್ನೊಂದು. ಹಿಂದಿನ ಮನೆಯ ಮುದುಕರೊಬ್ಬರು, ಎಮಿಲಿಯನ್ನ ನೋಡುವಾಗ ಸ್ವಲ್ಪ ನಗಮ್ಮ ಅಂತಾರೆ. ಆ ಮಾತು ತಾಯಿಗೆ ನೆನಪಾಗೋದು ಆಮೇಲೆ ಹುಟ್ಟಿದ ಮಕ್ಕಳನ್ನ ನೋಡುವಾಗ.

ಆಕೆಗೆ ಪ್ರೀತಿ ಕಮ್ಮಿ ಅಂದ್ರೆ ನಾನು ಒಪ್ಪಲ್ಲ. ದುಡಿಮೆ, ಚಿಂತೆ ಸೇರಿ ಮುಖದ ನಗುವನ್ನ ತಿಂದುಹಾಕಿದ್ವು. ಹಾಗಂತ ಎಮಿಲಿ ಎಲ್ಲ ಅರ್ಥ ಮಾಡ್ಕೊಂಡು ಕ್ಷಮಿಸ್ಬೇಕು ಅನ್ನೋದೂ ಅನ್ಯಾಯವೇ. ಎರಡು ವರ್ಷದ ಮಗುವಿಗೆ ಮನೆಖರ್ಚಿನ ಲೆಕ್ಕ ಗೊತ್ತಾಗತ್ತಾ? ಓಲ್ಸೆನ್ ಇಬ್ಬರನ್ನ ಕೂರಿಸಿ ರಾಜಿ ಮಾಡಿಸಲ್ಲ, ಅದೇ ನನಗೆ ಇಷ್ಟವಾಗಿದ್ದು. ಈಗ ಎಮಿಲಿಗೂ 19. ಪರೀಕ್ಷೆ ಇದ್ರೂ ಬೆಳಿಗ್ಗೆ ಎಬ್ಬಿಸ್ಬೇಡ ಅಂತ ಹೇಳಿ ಮಲಗೋಕೆ ಹೋಗ್ತಾಳೆ. ತಾಯಿ ಇಸ್ತ್ರಿ ಮೇಜಿನ ಹತ್ರನೇ ಇರ್ತಾಳೆ.